ತುಳಿಯುವವಳ ಬೆನ್ನು

ಗೊಲ್ಲರಹಟ್ಟಿ, ತುರುವನೂರು
೧೨ ನವೆಂಬರ್ ೨೦೨೪

ಪ್ರೀತಿಯ ಅಕ್ಕ ಚಿತ್ತಮ್ಮನಿಗೆ, ತಂಗಿ ಯಶೋಧಾ ಬಗ್ಗಿ ಮಾಡುವ ನಮಸ್ಕಾರ.

ಬಗ್ಗಿ ಎಂದು ಬರೆದೆನೇ ಹೊರತು ಬಗ್ಗಲು ಬರುತ್ತಿಲ್ಲ. ಕಾಗದ ಇಷ್ಟು ತಡವಾದದ್ದೂ ಅದಕ್ಕೇ. ದೀಪಾವಳಿಗೆ ಬಾಗೂರಿಗೆ ಬಂದೇ ಬರುತ್ತೇನೆ ಎಂದವಳು ಬರಲೂ ಇಲ್ಲ, ಯಾಕೆ ಬರಲಿಲ್ಲ ಎಂದು ತಿಳಿಸಲೂ ಇಲ್ಲ. ನೀನು ಹಬ್ಬದ ದಿನವಿಡೀ ಮುಖ ಊದಿಸಿಕೊಂಡಿದ್ದೆಯಂತೆ. ನಿನ್ನ ಸೊಸೆ ಚಿತ್ರಾ ಹೇಳಿದಳು. ಅವಳನ್ನು ಬೈಯಬೇಡ, ನಾನೇ ಕೆದಕಿ ಕೇಳಿದೆ. ಫೋನಿನಲ್ಲಿ ಎಲ್ಲ ಹೇಳೋಣ ಎಂದರೆ ನೀನು ಎರಡು ಸಲ ಹೂಂ ಎಂದು ಅವಳ ಕೈಗೆ ಕೊಟ್ಟುಬಿಡುತ್ತೀಯ. ನಾನು ದುರ್ಗದ ಹಾಸ್ಟೆಲಿನಲ್ಲಿ ಓದುವಾಗ ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ನನಗೆ ಕಾರ್ಡು ಬರೆದು ಹಾಕುತ್ತಿದ್ದವಳು ನೀನು. ನಮ್ಮಿಬ್ಬರಿಗೂ ಕಾಗದವೇ ಸರಿ.

ಆದದ್ದು ಇಷ್ಟು. ಹಬ್ಬ ಹತ್ತಿರವಿರುವಾಗ ಅಂಗನವಾಡಿಗೆ ಮಕ್ಕಳ ಹಿಟ್ಟಿನ ಚೀಲಗಳು ಬಂದವು. ತಂದವನು ಬಾಗಿಲಲ್ಲೇ ಒಗೆದು ಹೋದ. ನಮ್ಮ ಸಹಾಯಕಿ ಓಬಕ್ಕ, "ತಡೀರಿ ಟೀಚರಮ್ಮ, ಇಬ್ರೂ ಹಿಡಿಯಾಣ" ಎಂದಳು. ನನಗೆಲ್ಲಿ ತಾಳ್ಮೆ? ಸೊಂಟದಿಂದ ಬಗ್ಗಿ, ಚೀಲ ತಬ್ಬಿ ಎತ್ತಿ, ಎತ್ತಿದವಳು ಹಾಗೇ ಪಕ್ಕಕ್ಕೆ ತಿರುಗಿದೆ. ಬೆನ್ನಿನ ಬುಡದಲ್ಲಿ ಕಟಕ್ ಎಂದಿತು. ಚೀಲ ಒಂದು ಕಡೆ, ನಾನೊಂದು ಕಡೆ. ಮಕ್ಕಳು ಇದೇನೋ ಹೊಸ ಆಟವೆಂದುಕೊಂಡು ಚಪ್ಪಾಳೆ ಹೊಡೆದವು.

ಕಂಬಳಿಯಲ್ಲಿ ಮಲಗಿಸಿ ಮನೆಗೆ ತಂದರು. ಹಟ್ಟಿಗೆ ಹಟ್ಟಿಯೇ ಅಂಗಳದಲ್ಲಿ ನೆರೆಯಿತು, ಆದರೆ ಏನು ಮಾಡಬೇಕೆಂದು ಒಬ್ಬರಿಗೂ ತೋಚದು. ತೋಚುವುದಾದರೂ ಹೇಗೆ? ಇಲ್ಲಿ ಯಾರ ಸೊಂಟ ಹಿಡಿದರೂ ಬರುವುದು ನನ್ನ ಹತ್ತಿರವೇ. ಕಾಲು ಮುಂದಾಗಿ ಹುಟ್ಟಿದವರು ಬೆನ್ನು ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮವರು ನಂಬಿದವರಲ್ಲವೇ. ನಾನು ಮದುವೆಯಾಗಿ ಬಂದ ಹೊಸದರಲ್ಲೇ ನಮ್ಮತ್ತೆ ನನ್ನ ಹುಟ್ಟನ್ನು ಊರಿಗೆಲ್ಲ ಸಾರಿದ್ದಳು. ಅಂದಿನಿಂದ ಭಾನುವಾರ ಬೆಳಗಾದರೆ ಮನೆ ಮುಂದೆ ಕಂಬಳಿ ಹಾಸಿ ಬೋರಲು ಮಲಗಿದವರ ಸಾಲು. ಬರಿಹೊಟ್ಟೆಯಲ್ಲಿ, ಯಾರೊಂದಿಗೂ ಮಾತಾಡದೆ, ಎಡಗಾಲಿನಿಂದ ತುಳಿಯುವುದು ನನ್ನ ಕೆಲಸ. ಭೀಮಸಮುದ್ರದ ಅಡಿಕೆ ಸಾಹುಕಾರರೂ ಕಾರು ನಿಲ್ಲಿಸಿ ನನ್ನ ಕಾಲ ಕೆಳಗೆ ಮಲಗಿ ಹೋಗಿದ್ದಾರೆ. ಹಟ್ಟಿಯ ಹಿರಿಯ ಪಾಲಣ್ಣನಂತೂ ಹೆಚ್ಚು ಕಡಿಮೆ ಪ್ರತಿ ವಾರದ ಗಿರಾಕಿ. ಅವನೇ ಅವತ್ತು ಎಲ್ಲರ ಪರವಾಗಿ ಕೇಳಿದ: "ಅಲ್ರಪ್ಪ, ತುಳಿಯೋಳ್ನ ತುಳಿಯೋರು ಯಾರು?"

ಇನ್ನೊಬ್ಬ ಅಂಥವರನ್ನು ಹುಡುಕೋಣ ಎಂದು ನಾಲ್ಕೂರಿಗೆ ಫೋನು ಹೋಯಿತು. ಒಬ್ಬರೂ ಸಿಗಲಿಲ್ಲ. ಓಬಕ್ಕ ಕೈಯಾಡಿಸಿ, "ಎಲ್ಲಿಂದ ತರ್ತೀರಿ? ಈಗಿನ ಮಕ್ಳು ಕಾಲೂ ಮುಂದಲ್ಲ, ತಲೇನೂ ಮುಂದಲ್ಲ. ಎಲ್ಲ ಆಪರೇಷನ್ನೇ" ಎಂದಳು. ಆ ನೋವಿನಲ್ಲೂ ನನಗೆ ನಗು ಬಂತು. ನಕ್ಕರೆ ಬೆನ್ನಿಗೆ ಚಳುಕು, ಚಳುಕಿಗೆ ಅಳು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರಲ್ಲ, ಅವತ್ತು ಹಾಗೇ ಆಯಿತು. ಒಬ್ಬರು ಉಪ್ಪಿನ ಶಾಖ ಕೊಟ್ಟರು, ಇನ್ನೊಬ್ಬರು ಹರಳೆಣ್ಣೆ ಸುರಿದರು, ಮತ್ತೊಬ್ಬರು ಬಂದು ಎಲ್ಲವನ್ನೂ ಒರೆಸಿ ಸುಣ್ಣ ಬಳಿದರು. ಕೊನೆಗೆ ನಮ್ಮ ಮನೆಯವರು, "ಸಾಕ್ ಬಿಡ್ರಿ, ಗೋಡೆಗ್ ಬಳಿದಂಗೆ ಬಳಿತೀರಲ್ಲ. ದುರ್ಗಕ್ಕೆ ಹೋಗಾಣ" ಎಂದು ಎದ್ದರು.

ಅಕ್ಕ, ಇನ್ನು ಮುಂದೆ ಬರೆಯುವುದನ್ನು ನೀನು ಸಮಾಧಾನದಿಂದ ಓದಬೇಕು. ಹೊಳಲ್ಕೆರೆ ರಸ್ತೆಯಲ್ಲಿ ಒಂದು ಹೊಸ ಕ್ಲಿನಿಕ್ ಆಗಿದೆ. ಬೋರ್ಡಿನಲ್ಲಿ 'ಕೈರೋಪ್ರಾಕ್ಟಿಕ್' ಎಂದು ಬರೆದಿದೆ. ನಮ್ಮ ಮನೆಯವರು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಕೈ ಅಂತ ಐತೆ, ಒಳ್ಳೇದೇ ಇರಬೇಕು" ಎಂದರು. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಹದಕ್ಕೆ ತರುವ ವಿದ್ಯೆಯಂತೆ. ಡಾಕ್ಟರ ಹೆಸರು ರೋಜಾ. ಹಿರಿಯೂರಿನ ಹೆಣ್ಣುಮಗಳು, ಹೊರದೇಶದಲ್ಲಿ ಇದನ್ನೇ ವರ್ಷಗಟ್ಟಲೆ ಓದಿ ಬಂದಿದ್ದಾರೆ. ಮಾತು ಮಾತ್ರ ಹೊರದೇಶ ಕಂಡೇ ಇಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ಪೇಚಾಡುತ್ತಿದ್ದುದನ್ನು ನೋಡಿ ಎದ್ದು ಬಂದರು. "ಬರ್ರಿ ಅಕ್ಕ. ಕುಂತ್ಕಳಕ್ಕೆ ಆಗಲ್ಲ ಅಂದ್ರೆ ಬ್ಯಾಡ, ಇಬ್ರೂ ನಿಂತೇ ಮಾತಾಡಾಣ" ಎಂದು ನಿಂತರು. ಅಷ್ಟಕ್ಕೇ ನನ್ನ ಅರ್ಧ ನೋವು ಹೋಯಿತು ಎಂದರೆ ನೀನು ನಂಬುವುದಿಲ್ಲ.

ನಮಗಿಂತ ಮುಂಚೆ ಹೊಳಲ್ಕೆರೆ ಕಡೆಯ ಒಬ್ಬ ಅಜ್ಜ ಬಂದು ಕೂತಿದ್ದ. ಮೊಬೈಲಿನಲ್ಲಿ ಯಾರೋ ಕತ್ತು ತಿರುವಿ ಲಟಕ್ ಅನ್ನಿಸುವುದನ್ನು ನೋಡಿ, ತನಗೂ ಹಾಗೇ ಮಾಡಬೇಕೆಂದು ಹಟ ಹಿಡಿದಿದ್ದ. ಡಾಕ್ಟರು ಅವನ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, "ಅಜ್ಜ, ನಿಮ್ಮ ಮೂಳೆ ಸವೆದು ಹೋಗೈತೆ. ನಾನು ಕೈ ಹಾಕಿದ್ರೆ ಮುರಿದೀತು. ದೊಡ್ಡಾಸ್ಪತ್ರೆ ಮೂಳೆ ಡಾಕ್ಟ್ರಿಗೆ ಚೀಟಿ ಕೊಡ್ತೀನಿ, ಇವತ್ತೇ ಹೋಗ್ರಿ" ಎಂದು ಕಳಿಸಿದರು. ಬಂದ ಗಿರಾಕಿಯನ್ನು ಮುಟ್ಟದೆ ಕಳಿಸಿದ ಡಾಕ್ಟರನ್ನು ನಾನು ಅವತ್ತೇ ನೋಡಿದ್ದು. ಇವರ ಕೈಗೆ ಬೆನ್ನು ಕೊಡಬಹುದು ಎಂದು ಆಗಲೇ ತೀರ್ಮಾನಿಸಿಬಿಟ್ಟೆ.

ನನ್ನನ್ನು ಕೇಳಿದ ಪ್ರಶ್ನೆಗಳೋ ಒಂದೆರಡಲ್ಲ. ಬಿದ್ದಿದ್ದೆನಾ, ಕಾಲಿಗೆ ಜೋಮು ಇಳಿಯುತ್ತದಾ, ಹೆಜ್ಜೆ ಎಳೆಯುತ್ತದಾ, ಉಚ್ಚೆಗೆ ಹೋಗಲು ತೊಂದರೆಯಾ. ಅದಾದ ಮೇಲೆ ಬೋರಲು ಮಲಗಿಸಿ ಬೆನ್ನ ಮೇಲೆ ಕೈಯಿಟ್ಟರು. ಕುತ್ತಿಗೆಯಿಂದ ಕೆಳಗಿನವರೆಗೆ, ಒಂದೊಂದೇ ಗೆಣ್ಣನ್ನು ಬೆರಳ ತುದಿಯಿಂದ ಕೇಳಿಕೊಂಡು ಬಂದ ಹಾಗೆ ಬಂದರು. ನನಗೆ ಅಳು ಬಂದುಬಿಟ್ಟಿತು. "ನೋವಾಯ್ತಾ?" ಎಂದರು. ಇಲ್ಲ ಎಂದೆ. ನಿಜವಾಗಿಯೂ ಇಲ್ಲ. ಊರವರ ಬೆನ್ನನ್ನೆಲ್ಲ ನನ್ನ ಕಾಲು ಬಲ್ಲದು, ನನ್ನ ಬೆನ್ನ ಮೇಲೆ ಅಷ್ಟು ಹಗುರವಾಗಿ ಕೈಯಾಡಿಸಿದವರು ಯಾರಿದ್ದಾರೆ ಹೇಳು? ಅವ್ವ ನನ್ನನ್ನು ಹೆತ್ತು ಅವತ್ತೇ ಹೋದಳು. ಚಿಕ್ಕವಳಿದ್ದಾಗ ನೀನು ಸವರುತ್ತಿದ್ದೆ, ಅಷ್ಟೇ. ಆ ಟೇಬಲ್ಲಿನ ಮೇಲೆ ನನಗೆ ನೆನಪಾದದ್ದು ನೀನು.

ಆಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ಮೊಣಕಾಲು ಮಡಿಸಿಸಿ, ಉಸಿರು ಬಿಡಿ ಎಂದು ಹೇಳಿ, ಬಿಡುತ್ತಿದ್ದ ಹಾಗೇ ಒಂದು ಒತ್ತು ಕೊಟ್ಟರು. ಕಟಕ್! ನಮ್ಮ ಮನೆಯವರು ಕುರ್ಚಿಯಿಂದ ಎದ್ದೇಬಿಟ್ಟರು. ಮೂಳೆ ಮುರಿದ ಶಬ್ದವಲ್ಲವಂತೆ ಅದು. ಸೋಡಾ ಬಾಟಲಿ ತೆಗೆದಾಗ ಗ್ಯಾಸು ಹೋಗುತ್ತದಲ್ಲ, ಕೀಲಿನೊಳಗೂ ಅಂಥದ್ದೇ ಏನೋ. ಎದ್ದು ನಿಲ್ಲಿ ಎಂದರು. ನಿಂತೆ. ನೋವು ಪೂರ್ತಿ ಹೋಗಿರಲಿಲ್ಲ, ಆದರೆ ನೆಟ್ಟಗೆ ನಿಂತಿದ್ದೆ. ಪವಾಡ ಎಂದು ಕೈ ಮುಗಿಯಲು ಹೋದರೆ ಬೈದರು. "ಪವಾಡ ಏನೂ ಇಲ್ಲ ಅಕ್ಕ. ನನ್ನ ಕೈದು ಕಾಲು ಭಾಗ. ಉಳಿದ ಮುಕ್ಕಾಲು ನೀವು ದಿನಾ ಹೆಂಗ್ ಬಗ್ತೀರಿ, ಹೆಂಗ್ ಎತ್ತೀರಿ, ಹೆಂಗ್ ಮಲಗ್ತೀರಿ ಅನ್ನೋದ್ರಾಗೈತೆ."

ಹೊರಡುವಾಗ ನಾನೊಂದು ಮಾತು ಕೇಳಿಯೇಬಿಟ್ಟೆ. "ಮೇಡಂ, ನೀವು ಕಾಲು ಮುಂದಾಗಿ ಹುಟ್ಟಿದೋರಾ?" ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಲ್ಲ ಕಣ್ರೀ ಅಕ್ಕ, ತಲೆ ಮುಂದಾಗೇ ಬಂದಿದ್ದು. ನಮ್ಮಮ್ಮನ್ನ ಬೇಕಾದ್ರೆ ಕೇಳ್ರಿ, ಹಿರಿಯೂರಾಗೇ ಅದಾರೆ." ಹಟ್ಟಿಗೆ ಬಂದು ಇದನ್ನು ಹೇಳಿದರೆ ಪಾಲಣ್ಣನ ಮುಖ ಸಣ್ಣದಾಯಿತು. "ಹಂಗಾದ್ರೆ ವಾಸಿ ಹೆಂಗಾಯ್ತು?" ಎಂದು ಅವನಿಗೆ ಇನ್ನೂ ಅನುಮಾನ.

ಹೇಳಬೇಕಾದ್ದು ಇದು. ನೀನೂ ಒಮ್ಮೆ ಬಂದು ತೋರಿಸಿಕೋ. ನಿನ್ನ ಸೊಂಟದ ನೋವಿನ ಮುಂದೆ ನನ್ನದು ಏನೇನೂ ಅಲ್ಲ. ಒಂದೇ ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡು ತಿರುಗಿದವರ ಸೊಂಟ ಒಂದು ಕಡೆಗೆ ವಾಲುತ್ತದೆ, ಆ ಅಭ್ಯಾಸ ಬಿಡಿ ಎಂದು ಡಾಕ್ಟರು ನನ್ನ ಅಂಗನವಾಡಿಯ ಕೆಲಸದ ಬಗ್ಗೆ ಕೇಳಿ ಹೇಳಿದರು. ನನ್ನ ಕಣ್ಣಿಗೆ ಕಟ್ಟಿದ್ದು ನೀನು. ಒಂಬತ್ತು ವರ್ಷದ ಹುಡುಗಿ, ಎಡಸೊಂಟದ ಮೇಲೆ ಕೂಸು, ಬಲಗೈಯಲ್ಲಿ ಕುರಿ ಹೊಡೆಯುವ ಕೋಲು. ಇಳಿಸಿದರೆ ನಾನು ಕಿರುಚುತ್ತಿದ್ದೆನಂತೆ, ಅಜ್ಜಿ ಹೇಳುತ್ತಿದ್ದಳು. ನೀನು ಇಳಿಸುತ್ತಲೇ ಇರಲಿಲ್ಲವಂತೆ.

ಭಾವನಿಗೆ, ಮಗ ಜುಂಜೇಶನಿಗೆ ನೆನಪು ಹೇಳು. ಚಿತ್ರಾಳ ಮಗುವಿಗೆ ನನ್ನ ಮುತ್ತು.

ನಿನ್ನ ತಂಗಿ
ಯಶೋಧಾ


ಗೊಲ್ಲರಹಟ್ಟಿ, ತುರುವನೂರು
೮ ಡಿಸೆಂಬರ್ ೨೦೨೪

ಅಕ್ಕನಿಗೆ, ಸಿಟ್ಟು ನುಂಗಿಕೊಂಡು ಬರೆಯುತ್ತಿರುವ ಯಶೋಧಾಳ ನಮಸ್ಕಾರ.

ನನ್ನ ಕಾಗದಕ್ಕೆ ನೀನು ಕಾಗದ ಬರೆಯಲಿಲ್ಲ. ಚಿತ್ರಾಳ ಬಾಯಲ್ಲಿ ಹೇಳಿಸಿದೆ: "ನಂಗೆ ಯಾರ ಕೈಕಾಲೂ ಬ್ಯಾಡ. ಇಷ್ಟ್ ದಿನ ಹೋದಂಗೆ ಮುಂದಕ್ಕೂ ಹೋಗುತ್ತೆ." ಹೋಗಲಿ, ಇವಳಿಗೆ ಬೇಡವಾದರೆ ನನಗೇನು ಎಂದು ಹತ್ತು ದಿನ ಸುಮ್ಮನಿದ್ದೆ. ಈಗ ಆ ತಡಕ್ಕೆ ನಾನೇ ತಪ್ಪೊಪ್ಪಿಕೊಳ್ಳುತ್ತೇನೆ. ನಿನ್ನೆ ಜುಂಜೇಶ ದುರ್ಗದ ಕುರಿಸಂತೆಗೆ ಬಂದವನು ಇಲ್ಲಿಗೂ ಬಂದಿದ್ದ. ಊಟಕ್ಕೆ ಕೂತವನು ತುತ್ತು ಎತ್ತಲೇ ಇಲ್ಲ. "ಚಿಕ್ಕವ್ವಾ, ನಮ್ಮವ್ವ ಮಲಗೋದೇ ಇಲ್ಲ. ಗೋಡೆಗೆ ಒರಗ್ಕಂಡು ಕುಂತೇ ಇರ್ತಾಳೆ. ಬಲಗಾಲು ಎಳೀತಾಳೆ. ಮೊನ್ನೆ ಚಪ್ಪಲಿ ಕಾಲಿಂದ ಜಾರಿ ಹೋದ್ರೂ ಗೊತ್ತಾಗಲಿಲ್ಲ, ಮುಳ್ಳಿನ ಮೇಲೇ ನಡ್ಕಂಡ್ ಬಂದ್ಳು" ಎಂದ. ಅಷ್ಟು ದೊಡ್ಡ ಗಂಡಸು ತಟ್ಟೆಯ ಮುಂದೆ ಕಣ್ಣು ಒರೆಸಿಕೊಂಡ.

ನಾನು ತಕ್ಷಣ ಡಾಕ್ಟರಿಗೆ ಫೋನು ಮಾಡಿದೆ. ಅವರು ನಗಲಿಲ್ಲ, ತಮಾಷೆ ಮಾಡಲಿಲ್ಲ. "ಕಾಲು ಜೋಮು ಹಿಡಿದು ಹೆಜ್ಜೆ ಎಳೀತಾರೆ ಅಂದ್ರೆ ಕಾಯೋದಲ್ಲ ಅಕ್ಕ. ನರ ಒತ್ಕಂಡಿರಬೌದು. ನಾನು ಕೈ ಹಾಕ್ತೀನೋ ಇಲ್ಲವೋ ಆಮೇಲಿನ ಮಾತು, ಮೊದ್ಲು ನೋಡಬೇಕು. ಉಚ್ಚೆ ಕಟ್ಟಿದ್ರೆ ಮಾತ್ರ ನನ್ನನ್ನ ಕಾಯಬ್ಯಾಡ್ರಿ, ಆ ಗಳಿಗೇಲೇ ಆಸ್ಪತ್ರೆಗೆ ಹಾಕ್ರಿ" ಎಂದರು. ಇನ್ನೂ ತಡ ಮಾಡಿದರೆ ಕಾಲು ಪೂರ್ತಿ ಸೋತುಹೋಗಬಹುದಂತೆ. ಆಮೇಲೆ ಯಾರ ಕೈಯೂ ಕೆಲಸಕ್ಕೆ ಬರುವುದಿಲ್ಲವಂತೆ. ಕೇಳಿದೆಯಾ? ನೀನು ನಡೆಯುವುದನ್ನೇ ಕಳೆದುಕೊಳ್ಳುತ್ತೀಯ ಎಂದು ನಾನು ಬರೆಯುತ್ತಿದ್ದೇನೆ, ಹೆದರಿಸಲು ಅಲ್ಲ, ನನಗೆ ಹೆದರಿಕೆಯಾಗಿ.

ಬಸ್ಸಿನ ಕುಲುಕಾಟ ಆಗದು ಎಂದೆಯಂತೆ. ಅದಕ್ಕೂ ದಾರಿಯಾಗಿದೆ. ಡಾಕ್ಟರು ಮುಂದಿನ ಭಾನುವಾರ ಹೊಸದುರ್ಗಕ್ಕೇ ಬರುತ್ತಾರೆ, ಅಲ್ಲಿ ಅವರ ಗೆಳತಿಯ ಕ್ಲಿನಿಕ್ಕಿನಲ್ಲಿ ಕೂರುತ್ತಾರೆ. ಬಾಗೂರಿಂದ ಎಷ್ಟು ದೂರ ಅದು? ಜುಂಜೇಶ ಕಾರು ಹೇಳಿದ್ದಾನೆ. ಕುರಿ ಮರಿ ಹಾಕುವ ಕಾಲ ಎಂದೆಯಂತೆ. ಭಾವನಿಗೆ ನಾನೇ ಮಾತಾಡಿದ್ದೇನೆ. "ನಾನೇನ್ ಕುರಿ ಕಾಣದೋನಾ? ನಿಮ್ಮಕ್ಕನ್ನ ಮೊದ್ಲು ಕರ್ಕಂಡ್ ಹೋಗು ತಾಯಿ" ಎಂದರು. ಇನ್ನು ಯಾವ ನೆಪ ಉಳಿದಿದೆ ನಿನ್ನ ಹತ್ತಿರ?

ನನ್ನ ಬೆನ್ನು ಈಗ ಹೇಗಿದೆ ಎಂದು ನೀನು ಕೇಳದಿದ್ದರೂ ಹೇಳುತ್ತೇನೆ. ಚೆನ್ನಾಗಿದೆ. ಚೀಲ ಬಂದರೆ ಈಗ ಸೊಂಟ ಬಗ್ಗಿಸುವುದಿಲ್ಲ, ಮೊಣಕಾಲು ಮಡಿಸಿ ಕೂತು, ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಏಳುತ್ತೇನೆ. ಎದ್ದ ಮೇಲೆ ಸೊಂಟ ತಿರುಗಿಸದೆ ಪಾದ ತಿರುಗಿಸುತ್ತೇನೆ. ಇದನ್ನು ನಮ್ಮ ಮನೆಯವರಿಗೆ ಕಲಿಸಲು ಹೋಗಿ ಬೈಸಿಕೊಂಡೆ. "ಹುಟ್ಟಿದಾಗಿಂದ ಕುರಿ ಎತ್ತಿದೋನಿಗೆ ಎತ್ತೋದ್ ಕಲಿಸ್ತೀಯಾ?" ಎಂದರು. ಮಾರನೆಯ ದಿನ ದೊಡ್ಡಿಯ ಹಿಂದೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ನಾನು ಹೇಳಿದ ಹಾಗೇ ಮೊಣಕಾಲು ಮಡಿಸಿ ಒಂದು ಟಗರು ಎತ್ತುತ್ತಿದ್ದರು. ನಾನು ಗೋಡೆ ಮರೆಯಲ್ಲೇ ನಿಂತು ಬಾಯಿ ಮುಚ್ಚಿಕೊಂಡು ನಕ್ಕೆ.

ಜೋತುಬಿದ್ದ ಹಗ್ಗದ ಮಂಚ ಬಿಟ್ಟು ಗಟ್ಟಿ ಹಾಸಿಗೆಗೆ ಬಂದಿದ್ದೇನೆ. ಅಂಗಾತ ಮಲಗಿದರೆ ಮೊಣಕಾಲ ಕೆಳಗೆ ದಿಂಬು, ಪಕ್ಕಕ್ಕೆ ಮಲಗಿದರೆ ಎರಡು ಕಾಲ ನಡುವೆ ದಿಂಬು. ನೀನೂ ಇವತ್ತು ಇದೊಂದನ್ನಾದರೂ ಮಾಡಿ ನೋಡು, ಒಂದು ಜಾವ ನಿದ್ದೆ ಹತ್ತೀತು. ಏಳುವಾಗ ಧಡಕ್ಕನೆ ಎದ್ದು ಕೂರಬೇಡ, ಮಗ್ಗುಲಿಗೆ ಹೊರಳಿ ಕೈ ಊರಿ ಏಳು. ನೀರಿಗೆ ಹೋದರೆ ಒಂದೇ ಸೊಂಟದ ಮೇಲೆ ತುಂಬಿದ ಕೊಡ ಹೊರುವುದನ್ನು ಬಿಟ್ಟಿದ್ದೇನೆ, ಎರಡೂ ಕೈಗೆ ಸಣ್ಣ ಬಕೆಟ್ಟು. ಮಕ್ಕಳ ಜೊತೆ ನೆಲದ ಮೇಲೆ ಗಂಟೆಗಟ್ಟಲೆ ಕೂರುವುದಿಲ್ಲ, ಒಂದು ಪದ್ಯ ಮುಗಿದರೆ ಎದ್ದು ಒಂದು ಸುತ್ತು. ಮಕ್ಕಳಿಗೆ ಅದೇ ಖುಷಿ, ನನ್ನ ಹಿಂದೆ ರೈಲು ಬಿಡುತ್ತವೆ. ಬೆಳಗ್ಗೆ ಹೊತ್ತು ಮೂಡುವಾಗ ಕೆರೆ ಏರಿಯ ಮೇಲೆ ನಡೆದು ಬರುತ್ತೇನೆ. ಮಲಗಿದ್ದರೆ ಬೆನ್ನು ತುಕ್ಕು ಹಿಡಿಯುತ್ತದೆ ಎನ್ನುತ್ತಾರೆ ಡಾಕ್ಟರು.

ಇನ್ನೊಂದು ಸುದ್ದಿ. ನಾನು ತುಳಿಯುವುದನ್ನು ಬಿಟ್ಟೆ. ಎರಡನೇ ಸಲ ಹೋದಾಗ ಡಾಕ್ಟರಿಗೆ ಭಾನುವಾರದ ಸಾಲಿನ ಕಥೆಯೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, ಹೇಗೆ ತುಳಿಯುತ್ತೀರಿ ತೋರಿಸಿ ಎಂದು ದಿಂಬು ಹಾಕಿಕೊಟ್ಟರು. ನಾನು ಸೆರಗು ಸಿಕ್ಕಿಸಿಕೊಂಡು ದಿಂಬು ತುಳಿದೆ. ಕಣ್ಣು ಮಿಟುಕಿಸದೆ ನೋಡಿದರು. "ಒತ್ತು ಬಿದ್ದಾಗ ಬಿಗಿದ ಮಾಂಸ ಸಡಿಲ ಆಗುತ್ತೆ ಅಕ್ಕ, ಜನಕ್ಕೆ ಸುಖ ಅನ್ಸಿರೋದು ಸುಳ್ಳಲ್ಲ. ಆದ್ರೆ ಕಾಲಿಗೆ ಕೈಯಷ್ಟು ತಿಳಿಯಲ್ಲ. ಆವತ್ತಿನ ಅಜ್ಜನಂಥೋರು ನಿಮ್ಮ ಕಾಲಡಿಗೆ ಬಂದು ಮಲಗಿದ್ರೆ?" ಎಂದರು. ನನಗೆ ಮೈ ಜುಂ ಎಂದಿತು. ನಮ್ಮ ದೇವರು ಜುಂಜಪ್ಪ ಕಾಪಾಡಿದ, ಈವರೆಗೆ ಯಾರಿಗೂ ಏನೂ ಆಗಿಲ್ಲ.

ಬಿಟ್ಟೆ ಎಂದು ಬರೆಯುವುದು ಸುಲಭ. ಈ ಹಟ್ಟಿಯಲ್ಲಿ ನನಗೆ ಮರ್ಯಾದೆ ಬಂದದ್ದು ನನ್ನ ಓದಿನಿಂದ ಅಲ್ಲ, ಈ ಕಾಲಿನಿಂದ. ಆ ಮರ್ಯಾದೆ ಹೋದರೆ ಏನು ಮಾಡಲಿ ಎಂದು ಹೆದರಿದೆ, ನಿನ್ನ ಹತ್ತಿರ ಮುಚ್ಚುಮರೆ ಯಾಕೆ. ಜನ ಈಗಲೂ ಭಾನುವಾರ ಕಂಬಳಿ ಹಿಡಿದು ಬರುತ್ತಾರೆ. ನಾನು ತುಳಿಯದೆ, ಹೇಗೆ ಬಗ್ಗಬೇಕು, ಹೇಗೆ ಮಲಗಬೇಕು ಎಂದು ಮಾಡಿ ತೋರಿಸುತ್ತೇನೆ. ತುಂಬಾ ನೋವಿದ್ದವರನ್ನು ದುರ್ಗಕ್ಕೆ ಕಳಿಸುತ್ತೇನೆ. ಪಾಲಣ್ಣ, "ಕಾಲಿದ್ದೋಳಿಗೆ ಈಗ ಬಾಯಿ ಬಂತು ನೋಡ್ರಪ್ಪ" ಎಂದು ಹಂಗಿಸುತ್ತಾನೆ. ಹಂಗಿಸುತ್ತಲೇ ಮೊದಲ ಸಾಲಿನಲ್ಲಿ ಬಂದು ಕೂರುತ್ತಾನೆ. ಹೋದ ವಾರ ಅವನು ದುರ್ಗಕ್ಕೂ ಹೋಗಿಬಂದ. ಬಂದವನು ನನ್ನ ಹತ್ತಿರ ಏನೂ ಹೇಳಲಿಲ್ಲ. ಓಬಕ್ಕನ ಹತ್ತಿರ ಮಾತ್ರ, "ಆ ಹೆಣ್ಮಗಳ ಕೈ ಬಂಗಾರ ಕಣವ್ವ" ಎಂದನಂತೆ.

ಬಂಗಾರವೇ ಸರಿ. ಕೈಗುಣಕ್ಕಿಂತ ನನಗೆ ಹಿಡಿಸಿದ್ದು ಆ ತಾಯಿಯ ಗುಣ. ಬೆನ್ನುನೋವೆಂದು ಬಂದವರ ಮುಖವನ್ನೂ ನೋಡುತ್ತಾರೆ. ನನ್ನ ಅಕ್ಕನ ವಿಷಯ ಹೇಳುತ್ತಾ ನಾನು ಫೋನಿನಲ್ಲಿ ತಡವರಿಸಿದಾಗ, "ಅವ್ರು ಯಾಕೆ ಬರಲ್ಲ ಅಂತ ನಿಮಗೆ ಗೊತ್ತೈತೆ ಅನ್ಸುತ್ತೆ. ಅದನ್ನ ಅವ್ರಿಗೇ ಹೇಳ್ರಿ" ಎಂದರು.

ಭಾವನಿಗೆ ನಮಸ್ಕಾರ. ಜುಂಜೇಶ, ಚಿತ್ರಾ ನೂರು ವರ್ಷ ಬಾಳಲಿ, ಮಗುವಿನ ಬೆನ್ನು ಬಾಗದಿರಲಿ. ನೀನು ನನಗಿಂತ ಹಿರಿಯಳು, ಆದರೂ ಇವತ್ತು ನಿನಗೂ ಹರಸಿಬಿಡುತ್ತೇನೆ. ನಿನ್ನ ಕಾಲ ಮೇಲೆ ನೀನು ನಡೆದು ನನ್ನ ಮನೆಗೆ ಬರುವಂತಾಗಲಿ.

ನೀನೇ ಸಾಕಿದ
ಯಶೋಧಾ

ಮರೆತ ಮಾತು: ಈ ಕೊನೆಯ ಹಾಳೆಯನ್ನು ಚಿತ್ರಾಳ ಕೈಯಲ್ಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ಮರೆತ ಮಾತು ಎಂದು ಬರೆದೆ, ಮರೆತಿದ್ದಲ್ಲ. ಜುಂಜೇಶ ಇನ್ನೂ ಅಂಬೆಗಾಲಿಡುತ್ತಿದ್ದಾಗ ನಿನ್ನ ಸೊಂಟ ಮೊದಲ ಸಲ ಹಿಡಿಯಿತಲ್ಲ, ಯಾರೂ ಕರೆಯದಿದ್ದರೂ ನಾನು ಸುದ್ದಿ ಕೇಳಿ ಸಿಕ್ಕ ಬಸ್ಸು ಹತ್ತಿ ಬಂದಿದ್ದೆ. ದಾರಿಯುದ್ದಕ್ಕೂ ನೀರೂ ಕುಡಿದಿರಲಿಲ್ಲ, ಬರಿಹೊಟ್ಟೆಯಲ್ಲೇ ತುಳಿಯಬೇಕಲ್ಲ ಎಂದು. ಒಳಗೆ ನೀನು ಬೋರಲು ಮಲಗಿದ್ದೆ. ಭಾವ, "ನಿನ್ ತಂಗಿ ಬಂದವ್ಳೆ, ಇನ್ನೇನು ಚಿಂತಿಲ್ಲ" ಎಂದರು. ನೀನು ಗೋಡೆಯ ಕಡೆ ಮುಖ ತಿರುಗಿಸಿ, "ಅವಳ ಕಾಲು ಬ್ಯಾಡ" ಎಂದೆ. ಸಂಜೆ ನಿನ್ನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೊಳಲ್ಕೆರೆಯ ಯಾರೋ ಗುರುತಿಲ್ಲದವನ ಹತ್ತಿರ ತುಳಿಸಿದರು. ಹಿತ್ತಲ ಗಿಡ ಮದ್ದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ವಾಪಸು ಬಸ್ಸು ಹತ್ತಿದೆ. ಊರಿಗೆಲ್ಲ ಬೇಕಾದ ಕಾಲು ನಿನಗೊಬ್ಬಳಿಗೆ ಬೇಡವಾಗಿತ್ತು.

ಯಾಕೆಂದು ಕೇಳುವ ಧೈರ್ಯ ಇವತ್ತಿನವರೆಗೆ ಬರಲಿಲ್ಲ. ನನ್ನ ಕಾಲು ಮೊದಲು ಬಂತು, ಅದಕ್ಕೇ ಅವ್ವ ಹೋದಳು. ಅವ್ವನನ್ನು ತುಳಿದು ಬಂದ ಕಾಲನ್ನು ನಿನ್ನ ಮೈಮೇಲೆ ಇಡಿಸಿಕೊಳ್ಳಲು ನಿನಗೆ ಮನಸ್ಸು ಒಪ್ಪಲಿಲ್ಲ ಎಂದೇ ನಾನು ತಿಳಿದುಕೊಂಡಿದ್ದೇನೆ. ಸುಳ್ಳಾದರೆ ಬೈದು ಹೇಳು. ನಿಜವಾದರೆ ಹೇಳಬೇಡ. ಆ ಅವ್ವನ ಬದಲಿಗೆ ನನ್ನನ್ನು ಸೊಂಟದ ಮೇಲೆ ಹೊತ್ತು ಸೊಂಟ ಕಳೆದುಕೊಂಡವಳು ನೀನು. ನಿನ್ನ ಮೇಲೆ ನನಗೆ ಸಿಟ್ಟು ಹೇಗೆ ಬಂದೀತು?

ಡಾಕ್ಟರನ್ನು ನೀವು ಹೇಗೆ ಹುಟ್ಟಿದ್ದು ಎಂದು ಕೇಳಿದೆನಲ್ಲ, ಅದು ಪಾಲಣ್ಣನಿಗೋಸ್ಕರ ಅಲ್ಲ ಅಕ್ಕ, ನಿನಗೋಸ್ಕರ. ಅವರು ತಲೆ ಮುಂದಾಗಿ ಹುಟ್ಟಿದವರು. ಅವರ ಅವ್ವ ಹಿರಿಯೂರಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಭಾನುವಾರ ಹೆದರದೆ ಬಾ. ನಾನೂ ಹೊಸದುರ್ಗಕ್ಕೆ ಬಂದಿರುತ್ತೇನೆ, ಆದರೆ ಒಳಗೆ ಬರುವುದಿಲ್ಲ. ಬಾಗಿಲಾಚೆ ಬೆಂಚಿನ ಮೇಲೆ ಕಾಲು ಮಡಿಸಿಕೊಂಡು ಕೂತಿರುತ್ತೇನೆ.